ಬೂದಿಯ ಬಳೆ

ಮಾರ್ಚ್ ೩, ಸೋಮವಾರ

ಇವತ್ತಿನಿಂದ ನನ್ನ ಕಿವಿಗೆ ಶನಿಕಾಟ ಶುರು.

ಬೆಳಿಗ್ಗೆ ಸ್ಟುಡಿಯೋ ಬಾಗಿಲಲ್ಲೇ ಭಾವ ನಿಂತಿದ್ದರು. ಅಕ್ಕನ ಗಂಡ, ಸ್ಟುಡಿಯೋದ ಮಾಲೀಕ, ಸಂಗೀತದ ಗಂಧಗಾಳಿ ಇಲ್ಲದ ಮನುಷ್ಯ, ಮೂರೂ ಅವರೇ. "ಬಿಸ್ಕತ್ ಜಾಹೀರಾತು ವಾಪಸ್ ಬಂದಿದೆ. ಕೇಳ್ದೋರೆಲ್ಲ ಹಲ್ಲು ಕಚ್ಕೊಂಡ್ರಂತೆ. ಅಷ್ಟು ಚುಚ್ಚತ್ತಂತೆ" ಅಂದರು.

"ಬಿಸ್ಕತ್ತು ಗರಿಗರಿಯಾಗಿರ್ಬೇಕು, ಹಾಡು ಮಾತ್ರ ಮೆತ್ತಗಿರ್ಬೇಕಾ?" ಅಂದೆ. ನಗಲಿಲ್ಲ.

"ನೋಡು, ಹಿಂದಿನ ಸಲಾನೂ ಇದೇ ದೂರು. ಈಗ ಒಂದು ಆಲ್ಬಮ್ ಬಂದಿದೆ. ನೆಟ್ಟಗೆ ಮುಗಿಸಿದ್ರೆ ಆ ಕುರ್ಚಿ ನಿನ್ನದು. ಇಲ್ದಿದ್ರೆ ಬೇರೆಯವ್ರನ್ನ ಕೂರಿಸ್ತೀನಿ. ಆಮೇಲೆ ನಾದಿನಿ ಅನ್ನೋ ಸಲಿಗೆ ತರಬೇಡ."

ನಾದಿನಿ ಅನ್ನುವ ಪದದಲ್ಲಾದರೂ ನಾದ ಇದೆ. ಈ ಮನುಷ್ಯನಲ್ಲಿ ಏನಿದೆ? ಆ ರೆಕಾರ್ಡಿಂಗ್ ಕುರ್ಚಿಯಲ್ಲಿ ಕೂತು ನನ್ನ ಕೂದಲು ನೆರೆಯಿತು. ಅದರ ಕೈಹಿಡಿ ಸವೆದಿರುವುದು ನನ್ನ ಮೊಣಕೈಯಿಂದ.

ಆಲ್ಬಮ್ ಮಾಡಲು ಬಂದವರು ನಾಲ್ವರು, ಮೈತುಂಬ ಕಪ್ಪು ಬಟ್ಟೆ. ಹೆಸರು ಕೇಳುವ ಉತ್ಸಾಹ ಬರಲಿಲ್ಲ, ನಾನೇ ಇಟ್ಟುಕೊಂಡೆ. ಹಾಡುವವನು ಗಂಟಲು. ಮಿಕ್ಕ ದಿನಗಳಲ್ಲಿ ಕನ್ನಡಕದ ಅಂಗಡಿಯಲ್ಲಿ ಜನರಿಗೆ ಅಕ್ಷರ ಓದಿಸುತ್ತಾನಂತೆ, ಈಗ ರಜೆ ಹಾಕಿ ಬಂದಿದ್ದಾನೆ. ಡ್ರಮ್ಸಿನವನು ಸುತ್ತಿಗೆ. ಕಸುಬು ನೆಲಕ್ಕೆ ಟೈಲ್ಸ್ ಕೂರಿಸುವುದು. ಗಿಟಾರಿನವನು ಜುಟ್ಟು. ಬಾಸ್ ನುಡಿಸುವವನೂ ಒಬ್ಬ ಇದ್ದಾನೆ. ಇದ್ದಾನೆ ಅಂತ ಬರೆದದ್ದಾಯಿತು, ಸಾಕು.

ಇವರು ಬಾರಿಸುವುದಕ್ಕೆ ಎಕ್ಸ್‌ಟ್ರೀಮ್ ಮೆಟಲ್ ಅನ್ನುತ್ತಾರಂತೆ. ತಗಡಿನ ಮಾಡಿನ ಮೇಲೆ ಲಾರಿಗಟ್ಟಲೆ ಕಲ್ಲು ಸುರಿದು, ಕೆಳಗೆ ಸಿಕ್ಕಿಕೊಂಡವನು ಅರಚಿದರೆ ಅದು ಹಾಡು. ಇದಕ್ಕೆ ಅಭಿಮಾನಿಗಳು ಬೇರೆ ಇದ್ದಾರಂತೆ. ಇರಲಿ, ಲೋಕದಲ್ಲಿ ಸೊಳ್ಳೆಗಳೂ ಇವೆ.

ಮನೆಗೆ ಬಂದು ಇದನ್ನು ಬರೆಯುತ್ತಿದ್ದರೆ ನಮ್ಮನೆಯವರು ಬಾಗಿಲಲ್ಲಿ ನಿಂತು "ಮರೀತಿದ್ದೀಯಾ?" ಅಂತ ಕೇಳಿದರು. ಮರೆಯುವುದಾ? ನಾನಾ? "ಏನು ಮರ್ತಿದ್ದೀನಿ, ಹೇಳಿ ನೋಡೋಣ" ಅಂತ ತಿರುಗಿಬಿದ್ದೆ. ನನ್ನ ಮುಖವನ್ನೇ ನೋಡಿದರು. "ಏನಿಲ್ಲ ಬಿಡು" ಅಂದು ಹೋದರು. ಈಚೆಗೆ ಇದೊಂದು ಕಲಿತಿದ್ದಾರೆ, ಏನಿಲ್ಲ ಬಿಡು. ವಯಸ್ಸಾಗುತ್ತ ಗಂಡಸರು ಅರ್ಧ ಮಾತು ನುಂಗುತ್ತಾರೆ.

ಮಾರ್ಚ್ ೪, ಮಂಗಳವಾರ

ಇಡೀ ದಿನ ಡ್ರಮ್ಸ್. ತಲೆ ಚಿಟ್ಟು ಹಿಡಿಯಿತು.

ಸುತ್ತಿಗೆಗೆ ಎರಡು ಕಾಲಿದೆಯೋ ನಾಲ್ಕಿದೆಯೋ ಗೊತ್ತಿಲ್ಲ, ಅಷ್ಟು ವೇಗ. ಆದರೆ ಸಿಂಬಲ್ ಮಾತ್ರ ಕಂಬಳಿ ಹೊದ್ದು ಮಲಗಿದ ಹಾಗಿದೆ. ಮೈಕು ಬದಲಿಸಿದೆ, ಆ ಕಂಚಿನ ತಟ್ಟೆಗಳನ್ನೇ ಬದಲಿಸಿದೆ, ಏನೂ ಪ್ರಯೋಜನವಿಲ್ಲ. "ಏನಪ್ಪಾ, ಸಿಂಬಲ್ ಹೊಡೀತಿದ್ದೀಯೋ, ಮುದ್ದು ಮಾಡ್ತಿದ್ದೀಯೋ?" ಅಂತ ಕೇಳಿದೆ.

ಅವನು ಕೋಲು ಕೆಳಗಿಟ್ಟು ಅಂಗೈ ತೋರಿಸಿದ. ಬೊಕ್ಕೆ ಎದ್ದಿತ್ತು. ಬೊಕ್ಕೆಯೇನು, ಸೌದೆ ಒಡೆದರೂ ಏಳುತ್ತದೆ. ಭಾವ ತಂದ ಹೊಸ ಸ್ಪೀಕರುಗಳೇ ಮಂಕು ಅನ್ನಿಸುತ್ತದೆ. ಅಗ್ಗದ ಮಾಲು.

ಮಾರ್ಚ್ ೭, ಶುಕ್ರವಾರ

ಇವತ್ತಿನಿಂದ ಗಂಟಲಿನ ಸರದಿ. ಹಾಡಿನ ಸಾಹಿತ್ಯ ಕೊಡು, ಯಾವ ಸಾಲು ಎಲ್ಲಿ ಅಂತ ಗುರುತು ಹಾಕಿಕೊಳ್ಳಬೇಕು ಅಂದೆ.

"ಬರ್ದು ಕೊಡಲ್ಲ ಅಕ್ಕಾ. ಕೇಳೋರಿಗೆ ಅರ್ಥ ಆಗ್ಬಾರ್ದು, ನಡುಕ ಬರ್ಬೇಕು ಅಷ್ಟೇ" ಅಂದ. ಅರ್ಥವಾದರೆ ಮಾನ ಹೋಗುತ್ತದೆ ಅನ್ನುವ ಭಯ ಇರಬೇಕು.

ಅವನು ಗಾಜಿನ ಆಚೆ ನಿಂತು ಕತ್ತು ಹಿಗ್ಗಿಸಿ ಗರ್ಜಿಸಿದ. ಹಂಡೆಯೊಳಗೆ ಹುಲಿ ಕೂತಂಥ ದನಿ. ಮೈಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ, ಬಾಯಿ ಕಾಣಬೇಕಲ್ಲ. ಮುಗಿದ ಮೇಲೆ ನಾನು ಬರೆದುಕೊಂಡ ಸಾಲುಗಳನ್ನು ಓದಿದೆ. ನಾಲ್ವರೂ ಬೆಪ್ಪಾಗಿ ನಿಂತರು. "ಅಕ್ಕಾ, ನಮ್ಮಮ್ಮಂಗೇ ಇದು ಅರ್ಥ ಆಗಿಲ್ಲ! ಒಂದಕ್ಷರ ತಪ್ಪಿಲ್ಲ!" ಅಂತ ಗಂಟಲು ಕುಣಿದ. ಜುಟ್ಟಿಗೂ ಇಷ್ಟು ವರ್ಷ ಇವನೇನು ಹಾಡುತ್ತಿದ್ದಾನೆಂದು ಗೊತ್ತಿರಲಿಲ್ಲವಂತೆ.

ಇದರಲ್ಲಿ ಪವಾಡವೇನಿದೆ? ಗಮನ ಕೊಟ್ಟರೆ ಕೇಳಿಸುತ್ತದೆ. ಈ ಕಾಲದವರಿಗೆ ಕಿವಿಯಿದೆ, ಗಮನವಿಲ್ಲ.

ಮಾರ್ಚ್ ೧೧, ಮಂಗಳವಾರ

ಗಂಟಲು ಇವತ್ತು ಹುಚ್ಚಾಟ ಆಡಿದ.

ಕೊನೆಯ ಹಾಡು. ಗಿಟಾರು, ಡ್ರಮ್ಸ್ ಎಲ್ಲ ಒಟ್ಟಿಗೆ ಸುರಿಯುವಾಗ ಮಧ್ಯೆ ಇವನು ಒಂದೇ ಸಾಲನ್ನು ಮತ್ತೆ ಮತ್ತೆ ಕಿರುಚುತ್ತಾನೆ. ಹಾಡಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ನಾನು ಗೋಡೆಯ ಹಲಗೆಯ ಮೇಲೆ ಆ ಸಾಲನ್ನೇ ಬರೆದೆ: ಬೂದಿಯ ಬಳೆ.

ಅವನು ಹೊರಗೆ ಬಂದು ಹಲಗೆ ನೋಡಿದ. ಸುತ್ತಿಗೆಯ ಮುಖ ನೋಡಿದ. ಸುತ್ತಿಗೆ ನನ್ನ ಮುಖ ನೋಡಿದ.

"ಇದೇ" ಅಂದ ಗಂಟಲು. "ಹಾಡಿಗಷ್ಟೇ ಅಲ್ಲ, ಆಲ್ಬಮ್ಮಿಗೂ ಇದೇ ಹೆಸರು. ಆ ಸಾಲು ಮತ್ತೆ ಹಾಡ್ತೀನಿ, ಈಗಲೇ."

ತಾನು ಬರೆದ ಸಾಲನ್ನು ಹಲಗೆಯ ಮೇಲೆ ಕಂಡು ತಾನೇ ಮೂರ್ಛೆ ಹೋಗುವ ಕವಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೂ ಪದ ಚೆನ್ನಾಗಿದೆ ಅಂತ ಒಪ್ಪಬೇಕು. ಬೂದಿಯಲ್ಲಿ ಬಳೆ. ತೊಟ್ಟ ತಕ್ಷಣ ಉದುರುತ್ತದೆ, ಕೈಯಲ್ಲಿ ಮಸಿ ಮಾತ್ರ ಉಳಿಯುತ್ತದೆ. ಹುಚ್ಚನ ಬಾಯಲ್ಲೂ ಒಮ್ಮೊಮ್ಮೆ ಒಳ್ಳೆಯ ಮಾತು ಬರುತ್ತದೆ. ಬಸ್ಸಿನಲ್ಲಿ ಬರುವಾಗ ಬರಿಗೈ ಸವರಿಕೊಂಡು ಅದನ್ನೇ ಯೋಚಿಸುತ್ತಿದ್ದೆ.

ಮಾರ್ಚ್ ೧೪, ಶುಕ್ರವಾರ

ಕುಕ್ಕರ್ ಕೂಗಲಿಲ್ಲ, ಅನ್ನ ತಳ ಹಿಡಿಯಿತು. ಹೊಸದು ತನ್ನಿ ಅಂದರೆ ನಮ್ಮನೆಯವರು "ಕೂಗ್ತಲ್ಲ, ನಾಲ್ಕು ಸಲ" ಅಂದರು. ಕೂಗಿದ್ದರೆ ನನಗೆ ಕೇಳುತ್ತಿರಲಿಲ್ಲವೇ? ಕುಕ್ಕರಿನ ಪರ ವಕಾಲತ್ತು ವಹಿಸುವ ಗಂಡ ನನಗೊಬ್ಬಳಿಗೇ ಸಿಕ್ಕಿರಬೇಕು.

ಮಾರ್ಚ್ ೧೯, ಬುಧವಾರ

ಮಿಕ್ಸಿಂಗ್ ಶುರುವಾಗಿದೆ, ಎಲ್ಲ ದನಿಗಳನ್ನೂ ಹದವಾಗಿ ಬೆರೆಸುವ ಕೆಲಸ. ಹಾಡೆಲ್ಲ ಮಂಕು ಮಂಕು, ಕೆಸರಲ್ಲಿ ಅದ್ದಿದ ಹಾಗೆ. ಟ್ರೆಬಲ್, ಅಂದರೆ ಎತ್ತರದ ದನಿ, ಏರಿಸಿದೆ. ಸಾಲಲಿಲ್ಲ, ಇನ್ನೂ ಏರಿಸಿದೆ. ಗುಂಡಿ ತಿರುಗುವಷ್ಟೂ ತಿರುಗಿಸಿದ ಮೇಲೆ ಸಿಂಬಲ್ಲಿಗೆ ಸ್ವಲ್ಪ ಜೀವ ಬಂತು.

ಕೇಳಿಸಿದಾಗ ಜುಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಅಯ್ಯಪ್ಪಾ! ಮೂಳೆ ಕೆರ್ದಂಗಿದೆ!" ಅಂದ. ಬೈಗುಳವೆಂದುಕೊಂಡು ನಾನೂ ನಾಲಗೆ ಮಸೆದು ನಿಂತೆ. ನೋಡಿದರೆ ಅವನ ಕಣ್ಣಲ್ಲಿ ನೀರು! ಸಂತೋಷಕ್ಕಂತೆ! "ಇಂಥಾ ಕ್ರೂರ ಸೌಂಡು ಈ ಪ್ರಪಂಚದಲ್ಲೇ ಯಾರೂ ಮಾಡಿಲ್ಲ ಅಕ್ಕಾ. ಹೆಂಗೆ ಹೊಳೀತು ನಿಮಗೆ?" ನಾನು ಮಾಡಿದ್ದು ಮಂಕು ತೆಗೆದದ್ದು, ಅಷ್ಟೇ. ಇವರಿಗೆ ಅದರಲ್ಲಿ ಕ್ರೌರ್ಯ ಕಾಣುತ್ತದೆ. ಕಿವಿ ಕೆಟ್ಟವರಿಗೆ ಏನು ಹೇಳುವುದು!

ಊಟದ ಹೊತ್ತಿನಲ್ಲಿ ಗಾಜಿನ ಕೋಣೆಯಲ್ಲಿ ಮೈಕು ಆಫ್ ಮಾಡಿ ಕೂತು ಹರಟುತ್ತಿದ್ದರು. ಬಾಸಿನವನು ನನ್ನ ಕಡೆ ನೋಡಿ "ಮೂಗುಮುರುಕಿ" ಅಂದ, ಎಲ್ಲರೂ ನಕ್ಕರು. ಎಲ್ಲದಕ್ಕೂ ಮೂಗು ಮುರಿಯುತ್ತೇನಂತೆ. ಮೈಕು ಆಫ್ ಆದರೇನು, ಗಾಜಿದ್ದರೇನು, ನನಗೆ ಸ್ಪಷ್ಟವಾಗಿ ಕೇಳಿಸಿತು. ಇಂಥ ಕಿವಿಯಿರುವವಳ ಕುರ್ಚಿ ಕೀಳಲು ಹೊರಟಿದ್ದಾರೆ ಭಾವ.

ಹೆಸರು ಮಾತ್ರ ತಪ್ಪಿಲ್ಲ. ಮುರಿಯುವಂಥದ್ದು ಕಂಡರೆ ಮುರಿಯುತ್ತೇನೆ.

ಮಾರ್ಚ್ ೨೦, ಗುರುವಾರ

ಇವತ್ತು ಬರೆಯುತ್ತಿರುವುದೇ ಸಿಟ್ಟಿಗೆ.

ಮಿಕ್ಕವರು ತಿಂಡಿಗೆ ಹೋದಾಗ ಸುತ್ತಿಗೆ ಒಬ್ಬನೇ ಉಳಿದ. ಸ್ಟೂಲು ಎಳೆದುಕೊಂಡು ನನ್ನ ಎದುರಿಗೇ ಕೂತ, ಮುಖಕ್ಕೆ ಮುಖ ಕೊಟ್ಟು.

"ಅಕ್ಕಾ, ಒಂದ್ಮಾತು. ಬೇಜಾರ್ ಮಾಡ್ಕೋಬಾರ್ದು."

"ಬೇಜಾರು ನೀವು ಬಂದ ದಿನಾನೇ ಆಗಿದೆ. ಹೇಳು."

"ಅದು ಬೂದಿಯ ಬಳೆ ಅಲ್ಲ. ಅವ್ನು ಬರ್ದಿದ್ದು, ಹಾಡಿದ್ದು, ಬೂದಿಯ ಮಳೆ. ಮಳೆ, ಮೋಡದಿಂದ ಬೀಳತ್ತಲ್ಲ, ಅದು. ನೀವು ಬಳೆ ಅಂತ ಬರೆದ್ರಿ. ಅವ್ನಿಗೆ ಅದೇ ಚೆನ್ನಾಗಿ ಕಾಣ್ತು, ಇಟ್ಕೊಂಡ."

"ಅವನ ಉಚ್ಚಾರಣೆ ಸುಡುಗಾಡು. ಅದಕ್ಕೆ ನಾನೇನ್ ಮಾಡ್ಲಿ?"

"ನಮ್ಮಮ್ಮನೂ ಹಾಗೇ ಅಂತಾಳೆ ಅಕ್ಕಾ, ಎಲ್ರ ಉಚ್ಚಾರಣೆ ಕೆಟ್ಟಿದೆ ಅಂತ." ತುಟಿಯ ಮೇಲೆ ಬೆರಳಿಟ್ಟುಕೊಂಡ. "ಅವಳಿಗೆ ಕಿವಿ ಕೇಳಲ್ಲ. ಬಾಯಿ ನೋಡಿ ಮಾತು ಓದ್ತಾಳೆ. ಮಳೆ, ಬಳೆ, ಎರಡಕ್ಕೂ ತುಟಿ ಒಂದೇ ಥರ ಮುಚ್ಚಿ ತೆರ್ಕೊಳ್ಳತ್ತೆ, ನೋಡಿ. ಕಣ್ಣಲ್ಲಿ ಕೇಳೋರಿಗೆ ಎರಡೂ ಒಂದೇ."

ಅವನೇನು ಹೇಳುತ್ತಿದ್ದಾನೆಂದು ಅರ್ಥವಾದಾಗ ಮೈಯೆಲ್ಲ ಉರಿಯಿತು. "ನನ್ನನ್ನ ಕಿವುಡಿ ಅಂತಿದ್ದೀಯಾ?"

"ಮೊನ್ನೆ ನಿಮ್ಮ ಬೆನ್ನ ಹಿಂದೆ ನಿಂತು, 'ಅಕ್ಕಾ, ನಿಮ್ಮ ಕುರ್ಚಿಗೆ ಬೆಂಕಿ ಬಿದ್ದಿದೆ' ಅಂದೆ. ಮೆಲ್ಲಗಲ್ಲ. ನೀವು ಆರಾಮಾಗಿ ಟೀ ಕುಡೀತಾ ಇದ್ರಿ."

ಎದ್ದು ಹೋಗು ಅಂದೆ. ಎದ್ದು ಹೋದ. ಬಾಗಿಲು ಹಾಕಿಕೊಳ್ಳುವಾಗ ಬೆನ್ನು ತಿರುಗಿಸಿ ಏನೋ ಹೇಳಿದ. ಏನೆಂದು ಗೊತ್ತಾಗಲಿಲ್ಲ.

ನೆಲಕ್ಕೆ ಟೈಲ್ಸ್ ಹಾಕುವವನು ನನ್ನ ಕಿವಿ ಪರೀಕ್ಷೆ ಮಾಡುತ್ತಾನೆ! ಕಲಿಗಾಲ.

ಮಾರ್ಚ್ ೨೧, ಶುಕ್ರವಾರ

ಯಾರೂ ಬರುವ ಮೊದಲೇ ಹೋಗಿ ಪರೀಕ್ಷೆಯ ಸ್ವರ ಹಾಕಿದೆ. ಕೆಳಗಿನಿಂದ ಮೇಲಕ್ಕೆ ಒಂದೊಂದೇ. ಮಧ್ಯದವರೆಗೆ ಸರಿಯಿತ್ತು. ಆಮೇಲೆ ಮೀಟರಿನ ದೀಪ ಉರಿಯುತ್ತಲೇ ಇತ್ತು, ಕೋಣೆ ನಿಶ್ಶಬ್ದ.

ಸ್ಪೀಕರ್ ಕೆಟ್ಟಿದೆ ಅಂದುಕೊಂಡೆ. ಹಾಗೇ ಅಂದುಕೊಳ್ಳಬೇಕೆಂದು ಎಷ್ಟು ಆಸೆಯಿತ್ತು! ಆಗ ಭಾವ ಬಾಗಿಲು ತೆಗೆದರು. ತೆಗೆದವರೇ ಎರಡೂ ಕಿವಿ ಮುಚ್ಚಿಕೊಂಡು ಆಚೆಗೆ ಓಡಿದರು.

ಭಯವಾಯಿತು. ಬೇರೆ ಏನೂ ಬರೆಯಲಾರೆ.

ಮಾರ್ಚ್ ೨೪, ಸೋಮವಾರ

ಕಿವಿ ಡಾಕ್ಟರು ಚಿಕ್ಕ ಮಕ್ಕಳಿಗೆ ಹೇಳುವಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಎತ್ತರದ ಸ್ವರಗಳು ಹೋಗಿವೆ, ವಾಪಸ್ ಬರುವುದಿಲ್ಲ. ಹಕ್ಕಿ, ಸೀಟಿ, ಸಿಂಬಲ್ಲು, ಮಾತಿನಲ್ಲಿ ಸಕಾರ, ಚಕಾರ. ಗದ್ದಲವಿದ್ದರೆ ಪೂರ್ತಿ ಮಾತೇ ಮುಳುಗುತ್ತದೆ. ಬಹಳ ದಿನದಿಂದ ತುಟಿ ನೋಡಿಯೇ ಕೆಲಸ ಸಾಗಿಸುತ್ತಿದ್ದೀರಿ, ನಿಮಗೇ ಗೊತ್ತಾಗಿಲ್ಲ, ಅಂದ. ಯಂತ್ರ ಹಾಕಿಕೊಳ್ಳಬೇಕಂತೆ.

ನಮ್ಮನೆಯವರು ಜೊತೆಗೆ ಬಂದಿದ್ದರು. ಡಾಕ್ಟರು ಹೇಳುವಾಗ ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. "ಗೊತ್ತಿತ್ತಾ ನಿಮಗೆ?" ಅಂದೆ. ತಲೆಯಾಡಿಸಿದರು. "ಮತ್ತೆ ಬಾಯಿಗೇನಾಗಿತ್ತು?" ಅಂದೆ. "ಹೇಳಿದ್ರೆ ಬಿಡ್ತಿದ್ಯಾ ನೀನು?" ಅಂದರು. ಬಿಡುತ್ತಿರಲಿಲ್ಲ, ನಿಜ. ಆದರೂ ಸಿಟ್ಟು ಇಳಿದಿಲ್ಲ.

ಮಾರ್ಚ್ ೨೭, ಗುರುವಾರ

ಭಾವನಿಗೆ ಹೇಳಿದೆ. ಅಷ್ಟು ಹೊತ್ತಿಗಾಗಲೇ ಹೊಸಬನೊಬ್ಬನನ್ನು ಗೊತ್ತು ಮಾಡಿಟ್ಟಿದ್ದರು, ನನ್ನ ಕಿವಿ ಹೋಗಲೆಂದೇ ಕಾದಿದ್ದವರಂತೆ. "ನೀನೇನೂ ಯೋಚ್ನೆ ಮಾಡ್ಬೇಡ. ಮುಂದಿನ ರೂಮಲ್ಲಿ ಕೂತು ಫೋನ್ ನೋಡ್ಕೋ" ಅಂದರು. ಕಿವುಡಿಗೆ ಫೋನಿನ ಕೆಲಸ ಕೊಟ್ಟ ಮಹಾನುಭಾವ.

ಹೊಸಬ ನನ್ನ ಮಿಕ್ಸಿಂಗನ್ನು 'ಸರಿಪಡಿಸಿದ'. ನಾಲ್ವರನ್ನೂ ಕೂರಿಸಿ ಕೇಳಿಸಿದರು. ಮುಗಿಯುವ ಮೊದಲೇ ಜುಟ್ಟು ಎದ್ದು ನಿಂತ. "ಇದೇನಿದು, ಹಲ್ಲು ಕಿತ್ತ ಹಾವು! ಅಕ್ಕ ಮಾಡಿದ್ದೆಲ್ಲಿ?"

ಆಗ ನಾನೇ ಬಾಯಿ ಬಿಟ್ಟೆ. ಬಿಡದೆ ಇನ್ನೇನು ಮಾಡಲಿ? "ನಾನು ಮಾಡಿದ್ದು ತಪ್ಪಪ್ಪಾ. ಕ್ರೌರ್ಯವೂ ಇಲ್ಲ, ಮಣ್ಣೂ ಇಲ್ಲ. ನನಗೆ ಮೇಲಿನ ಸ್ವರ ಕೇಳಲ್ಲ, ಅದಕ್ಕೆ ಅಷ್ಟು ಏರಿಸಿದೆ. ನೀವು ಮೆಚ್ಚಿದ್ದು ನನ್ನ ಕಾಯಿಲೆಯನ್ನ."

ಆಮೇಲೆ ಗಂಟಲು, ನನಗೆ ಕಾಣುವಂತೆ ಮುಂದೆ ಬಂದು ನಿಂತು, ಹೇಳಿದ: "ಅಂಗಡೀಲಿ ದಿನಾ ನೋಡ್ತೀನಿ ಅಕ್ಕಾ. ಕಣ್ಣು ಮಂಜಾದೋರು ಬೋರ್ಡಲ್ಲಿ ಇಲ್ದೇ ಇರೋದನ್ನ ಓದ್ತಾರೆ. ಸುಮಾರು ಸಲ ಇರೋದಕ್ಕಿಂತ ಅದೇ ಚೆನ್ನಾಗಿರತ್ತೆ. ಮಳೆ ಎಲ್ರೂ ಬರೀತಾರೆ. ಬಳೆ ಯಾರು ಬರೀತಾರೆ?"

"ನನಗೆ ಕನಿಕರ ಬೇಡ."

"ಕನಿಕರ? ನಿಮ್ಮ ಮೇಲೆ? ಸಿಂಬಲ್ ಮುದ್ದು ಮಾಡ್ತೀಯಾ ಅಂತ ನನ್ನನ್ನ ಬೈದ್ರಲ್ಲ!" ಅಂದ ಸುತ್ತಿಗೆ. ಬಾಸಿನವನು ಜೋರಾಗಿ ನಕ್ಕ. ಅವನು ನಕ್ಕಿದ್ದು ಕೇಳಿಸಿತು, ಅಲ್ಲಿಗೆ ಅವನಿರುವುದು ಖಚಿತವಾಯಿತು.

ನನ್ನ ಮಿಕ್ಸಿಂಗೇ ಹೊರಬರಬೇಕು, ಇಲ್ಲವೆಂದರೆ ಆಲ್ಬಮ್ಮೇ ಬೇಡ ಅಂತ ಹಟ ಹಿಡಿದರು. ಭಾವ ಒಪ್ಪಿದರು, ಹಾಳಾಗಿ ಹೋಗಿ ಅನ್ನುವ ಮುಖ ಮಾಡಿ. ಕುರ್ಚಿ ಮಾತ್ರ ಹೊಸಬನಿಗೆ. ಅವನು ಕೂತ ತಕ್ಷಣ ಅದರ ಎತ್ತರ ಬದಲಿಸಿದ. ಅಳು ಬಂತು. ಅವರೆದುರು ಅಳಲಿಲ್ಲ.

ಏಪ್ರಿಲ್ ೫, ಶನಿವಾರ

ಸುತ್ತಿಗೆ ತನ್ನ ಮನೆಗೆ ಕರೆದುಕೊಂಡು ಹೋದ. ಅವನ ಅಮ್ಮ ನಾನು ಅಂದುಕೊಂಡಂತೆ ಸಾಧುವಲ್ಲ, ನನಗಿಂತ ಒಂದು ಕೈ ಮೇಲು. ಒಳಗೆ ಕಾಲಿಡುವ ಮೊದಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವಳೇನಾ ನಿನ್ನ ಮೂಗುಮುರುಕಿ?" ಅಂತ ಮಗನನ್ನು ಕೇಳಿದರು. ಅವನು ನೆಲ ನೋಡಿದ. ಅವನೇ ಹಾಕಿದ ಟೈಲ್ಸ್, ನೋಡಿಕೊಳ್ಳಲಿ.

ನನ್ನ ಮೇಲೆ ಅವರಿಗೆ ತಿರಸ್ಕಾರ. ಇಷ್ಟು ದಿನ ತುಟಿ ಓದುತ್ತಿದ್ದೂ ಮಳೆ-ಬಳೆ ಗೊತ್ತಾಗಲಿಲ್ಲವೇ ಅಂತ. "ತಿಳ್ಕೊಳ್ಳೋದು ಹೇಗೆ ಮತ್ತೆ?" ಅಂದೆ.

ನನ್ನ ತೋರುಬೆರಳು ಹಿಡಿದು ತಮ್ಮ ಮೂಗಿನ ಮೇಲೆ ಇಟ್ಟುಕೊಂಡರು. "ಮಳೆ" ಅಂದರು. ಬೆರಳಿನ ಕೆಳಗೆ ಮೂಗು ಜುಮ್ಮೆಂದು ನಡುಗಿತು. "ಬಳೆ" ಅಂದರು. ಮೂಗು ಸುಮ್ಮನಿತ್ತು. ಮತ್ತೆ ಮಳೆ, ಮತ್ತೆ ಬಳೆ. ಮಗ ಮಾತು ಕಲಿಯುವಾಗ ಹೀಗೇ ಅವನ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೂರುತ್ತಿದ್ದರಂತೆ.

ಆಶ್ಚರ್ಯವಾದರೆ ಮೂಗಿನ ಮೇಲೆ ಬೆರಳಿಡುವುದು ಲೋಕರೂಢಿ. ನಾನು ಇಟ್ಟಿದ್ದು ಬೇರೆಯವರ ಮೂಗಿನ ಮೇಲೆ. ಜನ್ಮವಿಡೀ ಮೂಗು ಮುರಿದವಳಿಗೆ ಕೊನೆಗೆ ಮೂಗೇ ಗತಿಯಾಯಿತು. ನಗು ತಡೆಯಲಾಗಲಿಲ್ಲ. ಆ ತಾಯಿ ಮಾತ್ರ ನಗದೆ, ನನ್ನ ಗಮನ ಸಾಲದು ಅಂತ ಕೈಮೇಲೆ ಒಂದು ಏಟು ಕೊಟ್ಟರು.

ಜೂನ್ ೧೫, ಭಾನುವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದೂ ಇರಲಿಲ್ಲ, ಫೋನು ಎತ್ತುವುದು, ಇನ್ನೊಮ್ಮೆ ಹೇಳಿ ಅನ್ನುವುದು, ಇಡುವುದು.

'ಬೂದಿಯ ಬಳೆ' ಹೊರಬಂದು ತಿಂಗಳಾಯಿತು. ಎಲ್ಲೆಲ್ಲಿಯವರೋ ಹುಚ್ಚು ಹಿಡಿದವರಂತೆ ಕೇಳುತ್ತಿದ್ದಾರಂತೆ. ಇನ್ನು ಮುಂದೆ ಈ ಸಂಗೀತವನ್ನು ಇದಕ್ಕಿಂತ ಮೊದಲು, ಇದಾದ ಮೇಲೆ ಅಂತ ಎರಡು ಮಾಡಿ ನೋಡಬೇಕು ಅಂತ ಒಬ್ಬ ಪಂಡಿತ ಬರೆದಿದ್ದಾನೆ. ಆ ಚುಚ್ಚುವ ದನಿಯ ಹಿಂದೆ 'ನಿರ್ದಯವಾದ ತತ್ತ್ವಜ್ಞಾನ'ವಿದೆಯಂತೆ. ಕಿವಿ ಡಾಕ್ಟರಿಗೆ ತೋರಿಸಬೇಕು ಇದನ್ನು. ಇನ್ನೊಬ್ಬ ತೋಳಿನ ಮೇಲೆ ಬೂದಿ ಬಣ್ಣದ ಬಳೆ ಹಚ್ಚೆ ಹಾಕಿಸಿಕೊಂಡಿದ್ದಾನೆ. ಬದುಕಿನಲ್ಲಿ ಬೇರೆ ಕೆಲಸವಿಲ್ಲದವರು.

ಕಿವಿಯ ಯಂತ್ರ ಹೋದ ವಾರ ಬಂತು. ನೆಲಗಡಲೆ ಗಾತ್ರ, ಗತ್ತು ಮಾತ್ರ ಜಾಸ್ತಿ. ಇವತ್ತು ಅದನ್ನು ಹಾಕಿಕೊಂಡು ನನ್ನ ಆಲ್ಬಮ್ಮನ್ನು ಮೊದಲ ಸಲ ಕೇಳಿದೆ. ಅಯ್ಯೋ ದೇವರೇ! ಕಿವಿಗೆ ಸೂಜಿ ಸುರಿದ ಹಾಗೆ. ಇದನ್ನು ಮಾಡಿದವಳು ನಾನಾ? ಬಿಸ್ಕತ್ತಿನವರು ಹಲ್ಲು ಕಚ್ಚಿಕೊಂಡದ್ದು ನ್ಯಾಯವಾಗಿಯೇ ಇತ್ತು. ಎರಡು ಸಲ ನಿಲ್ಲಿಸಿದೆ, ಎರಡು ಸಲವೂ ಮತ್ತೆ ಹಾಕಿದೆ. ಕೊನೆಯ ಹಾಡಿನಲ್ಲಿ ಸುತ್ತಿಗೆಯ ಸಿಂಬಲ್ ಬಂತು, ಚೂರು ಚೂರಾಗಿ, ಗಾಜಿನ ಹಾಗೆ. ಆ ಬೊಕ್ಕೆ ಎದ್ದ ಕೈ ಏನು ಮಾಡುತ್ತಿತ್ತೆಂದು ಈಗ ತಿಳಿಯಿತು. ಈ ಸಲ ತಡೆದುಕೊಳ್ಳದೆ ಅತ್ತುಬಿಟ್ಟೆ. ತೀರಾ ಕೆಟ್ಟದಾಗಿದೆ. ಒಂದಿಷ್ಟೂ ಬದಲಿಸಕೂಡದು.

ಆ ದನಿಯೇ ಬೇಕು, ಆ ಅಕ್ಕನೇ ಬೇಕು ಅಂತ ಇನ್ನೂ ಮೂರು ತಂಡಗಳು ಫೋನು ಮಾಡಿವೆ. ಎತ್ತಿದವಳು ನಾನೇ! ಭಾವ ಕೆಮ್ಮಿ, ಕತ್ತು ತುರಿಸಿಕೊಂಡು, "ವಾರಕ್ಕೆ ಎರಡು ದಿನ ಕುರ್ಚಿ ನಿನಗಿರ್ಲಿ" ಅಂದರು. ಯೋಚಿಸಿ ಹೇಳ್ತೀನಿ ಅಂದೆ. ಯೋಚಿಸುವುದೇನು, ಅಲ್ಲೇ ಕುಣಿಯಬೇಕೆನ್ನಿಸಿತ್ತು. ಮೊದಲು ಅದರ ಎತ್ತರ ಸರಿಮಾಡಬೇಕು.

ಈಗ ಯಂತ್ರ ತೆಗೆದು ಮೇಜಿನ ಮೇಲಿಟ್ಟು, ಫ್ಯಾನ್ ಹಾಕಿಕೊಂಡು ಬರೆಯುತ್ತಿದ್ದೇನೆ. ನಮ್ಮನೆಯವರು ಬಾಗಿಲಲ್ಲಿ ನಿಂತು ಅದೇ ಹಳೆಯ ಮಾತು ಅಂದರು, "ಮರೀತಿದ್ದೀಯಾ?" ಪೆನ್ನು ಕೆಳಗಿಟ್ಟೆ. ಜಗಳಕ್ಕೆ ಬಾಯಿ ತೆರೆದವಳು ಹಾಗೇ ನಿಂತೆ. ಅವರು ಆಗಲೇ "ಏನಿಲ್ಲ ಬಿಡು" ಅಂತ ತಿರುಗಿದ್ದರು.

ಹೋಗಿ ತೋಳು ಹಿಡಿದು ನಿಲ್ಲಿಸಿದೆ. ಅವರ ಮೂಗಿನ ಮೇಲೆ ಬೆರಳಿಟ್ಟೆ. ಇವಳಿಗೇನು ಬಂತು ಅನ್ನುವಂತೆ ಕಣ್ಣು ಅಗಲ ಮಾಡಿದರು.

"ಇನ್ನೊಂದ್ಸಲ ಹೇಳಿ."

ಹೇಳಿದರು. ಮೂಗು ನಡುಗಲಿಲ್ಲ. ಮತ್ತೆ ಹೇಳಿಸಿದೆ. ಇಲ್ಲ, ನಡುಗಲಿಲ್ಲ. ಹಾಗಾದರೆ ಮ ಅಲ್ಲ, ಬ.

ಬರೀತಿದ್ದೀಯಾ?

ಇಷ್ಟು ದಿನವೂ ಪಾಪ ಆ ಮನುಷ್ಯ ಕೇಳುತ್ತಿದ್ದದ್ದು ಇಷ್ಟೇ. ಬೆರಳು ತೆಗೆಯಲು ಮನಸ್ಸಾಗಲಿಲ್ಲ.

"ಹೂಂ ರೀ, ಬರೀತಾ ಇದ್ದೀನಿ" ಅಂದೆ.